ಕೂಡಿಟ್ಟ ಗ್ಯಾಸ್ ಯಾರ ಹೊಣೆ?

(ಮಂಗಳೂರಿನಲ್ಲಿ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಎಂಸಿಎಕ್ಸ್ ಎಂಬ ಸರಕು ವಿನಿಮಯ ಪೇಟೆಯಲ್ಲಿ ವಹಿವಾಟು ಮಾಡುವವರು ಇದ್ದರೆ ಗುರುವಾರ ರಾತ್ರಿಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಾದರೆ 8 ಗಂಟೆ, ಚಳಿಗಾಲದಲ್ಲಾದರೆ 9 ಗಂಟೆ. ಆ ಹೊತ್ತಿಗೆ ಸರಿಯಾಗಿ ಅಮೆರಿಕ ಸರ್ಕಾರದ ಇಂಧನ ಮಾಹಿತಿ ಸಂಸ್ಥೆ ಇಐಎ ಒಂದು ಅಂಕಿ ಪ್ರಕಟಿಸುತ್ತದೆ. ಅಲ್ಲಿ ಆಗ ಬೆಳಿಗ್ಗೆ ಹತ್ತೂವರೆ. ಆ ಅಂಕಿ ಬಂದ ಒಂದೆರಡು ನಿಮಿಷದಲ್ಲಿ ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಮೊಬೈಲ್ ಹಿಡಿದು ಕೂತವರ ಲಾಭ ನಷ್ಟ ತಿರುವುಮುರುವಾಗುತ್ತದೆ.

ಏನದು ಅಂಕಿ? ಅಮೆರಿಕದಲ್ಲಿ ನೆಲದಡಿಯಲ್ಲಿ ಕೂಡಿಟ್ಟ ನೈಸರ್ಗಿಕ ಅನಿಲದ ದಾಸ್ತಾನು. ಹಿಂದಿನ ವಾರ ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂಬ ಲೆಕ್ಕ. ಅಷ್ಟೇ. ಎಂಸಿಎಕ್ಸ್‌ನ ನೈಸರ್ಗಿಕ ಅನಿಲದ ಬೆಲೆ ಅಮೆರಿಕದ ಲೂಸಿಯಾನಾದಲ್ಲಿ ಗ್ಯಾಸ್ ಪೈಪ್‌ಲೈನ್‌ಗಳು ಕೂಡುವ ಹೆನ್ರಿ ಹಬ್ ಎಂಬ ಜಾಗದ ಬೆಲೆಯನ್ನು ರೂಪಾಯಿಗೆ ತಿರುಗಿಸಿದ್ದು. ಹಾಗಾಗಿ ಅಲ್ಲಿನ ದಾಸ್ತಾನು ಇಲ್ಲಿನ ಮೊಬೈಲಿನಲ್ಲಿ ಕುಣಿಯುತ್ತದೆ. ಬೆಂಗಳೂರಿನ ಮನೆಗಳಿಗೆ ಪೈಪಿನಲ್ಲಿ ಬರುವ ಗ್ಯಾಸಿಗೂ ಆ ಬೆಲೆಗೂ ನೇರ ಸಂಬಂಧವಿಲ್ಲ. ಇದನ್ನು ತಿಳಿಯದೆ ದುಡ್ಡು ಹಾಕುವವರು ತುಂಬ ಜನ ಇದ್ದಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಇಷ್ಟು ಜನ ದಾಸ್ತಾನಿನ ಅಂಕಿಗೆ ಯಾಕೆ ಕಾಯುತ್ತಾರೆ? ಗ್ಯಾಸಿನ ಉತ್ಪಾದನೆ ಎಷ್ಟು, ಬಳಕೆ ಎಷ್ಟು ಎಂದು ಬಿಡಿಬಿಡಿಯಾಗಿ ವಾರವಾರ ಅಳೆಯುವುದು ಕಷ್ಟ. ಎರಡರ ನಡುವಿನ ವ್ಯತ್ಯಾಸ ಮಾತ್ರ ಒಂದೇ ಕಡೆ ಬಂದು ನಿಲ್ಲುತ್ತದೆ. ಮಿಕ್ಕಿದ್ದು ನೆಲದೊಳಗೆ ಹೋಗುತ್ತದೆ, ಸಾಲದ್ದು ಅಲ್ಲಿಂದ ಬರುತ್ತದೆ. 2018ರ ಜನವರಿಯ ಮೊದಲ ವಾರದಲ್ಲಿ ಭಾರಿ ಚಳಿ ಬಿದ್ದಾಗ ಒಂದೇ ವಾರ 35,900 ಕೋಟಿ ಘನ ಅಡಿ ಗ್ಯಾಸ್ ಹೊರಗೆ ಬಂತು. ಆ ಚಳಿ ಎಷ್ಟಿತ್ತು ಎಂದು ತಿಳಿಯಲು ಆ ಒಂದು ಅಂಕಿ ಸಾಕು.

ಇನ್ನೊಂದು ವಿಷಯವನ್ನೂ ಈಗಲೇ ಸ್ಪಷ್ಟ ಮಾಡಿಕೊಳ್ಳೋಣ. ಗ್ಯಾಸ್ ಅಂದ ತಕ್ಷಣ ನಮಗೆ ನೆನಪಾಗುವುದು ಅಡುಗೆಮನೆಯ ಸಿಲಿಂಡರ್. ಅದು ಎಲ್‌ಪಿಜಿ. ಪ್ರೊಪೇನ್, ಬ್ಯುಟೇನ್. ಸ್ವಲ್ಪ ಒತ್ತಡ ಹಾಕಿದರೆ ದ್ರವವಾಗಿ ಸಿಲಿಂಡರಿನಲ್ಲಿ ಕೂರುತ್ತದೆ. ನೈಸರ್ಗಿಕ ಅನಿಲ ಹೆಚ್ಚುಕಡಿಮೆ ಪೂರ್ತಿ ಮೀಥೇನ್. ಅದನ್ನು ಮಾಮೂಲಿ ಉಷ್ಣಾಂಶದಲ್ಲಿ ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ. ಮೈನಸ್ 162 ಡಿಗ್ರಿಯವರೆಗೆ ತಣಿಸಬೇಕು. ಆಗ ಅದು 600 ಪಟ್ಟು ಕುಗ್ಗಿ ಎಲ್‌ಎನ್‌ಜಿ ಆಗುತ್ತದೆ, ಹಡಗು ಹತ್ತುತ್ತದೆ. ಆದರೆ ಎಂಥ ಒಳ್ಳೆ ಟ್ಯಾಂಕಿನಲ್ಲಿಟ್ಟರೂ ದಿನಾ ಸ್ವಲ್ಪ ಸ್ವಲ್ಪ ಆವಿಯಾಗುತ್ತಲೇ ಇರುತ್ತದೆ. ಕೆಲವು ವಾರ ಇಡಬಹುದು. ಒಂದು ದೇಶಕ್ಕೆ ಇಡೀ ಚಳಿಗಾಲಕ್ಕೆ ಬೇಕಾದಷ್ಟನ್ನು ಹೀಗೆ ಇಡುವುದು ದುಡ್ಡಿನ ಲೆಕ್ಕದಲ್ಲಿ ಕಟ್ಟುವುದಿಲ್ಲ.

ಅದಕ್ಕೇ ಜನ ನೆಲದಡಿಗೆ ಹೋದರು. ಉತ್ತರ ಕರ್ನಾಟಕದ ಹಗೇವು ನಿಮಗೆ ಗೊತ್ತಲ್ವಾ? ಸುಗ್ಗಿಯಲ್ಲಿ ಜೋಳ ಸುರಿದು ಬಾಯಿ ಮುಚ್ಚಿ, ಬೇಕಾದಾಗ ತೆರೆಯುವ ನೆಲದ ಕಣಜ. ಗ್ಯಾಸಿನದೂ ಅದೇ ಲೆಕ್ಕ. ಆದರೆ ಇಲ್ಲಿ ಬಹುಪಾಲು ಗುಂಡಿಗಳನ್ನು ಯಾರೂ ತೋಡಿದ್ದಲ್ಲ. ಗ್ಯಾಸ್ ತೆಗೆದು ಮುಗಿದ ಹಳೆಯ ನಿಕ್ಷೇಪಕ್ಕೇ ಮತ್ತೆ ಗ್ಯಾಸ್ ತುಂಬುತ್ತಾರೆ. 1915ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಇದನ್ನು ಮೊದಲು ಮಾಡಿ ನೋಡಿದರು. ಮರುವರ್ಷ ನ್ಯೂಯಾರ್ಕ್ ರಾಜ್ಯದ ಬಫಲೊ ಹತ್ತಿರ ಜೋರ್ ಎಂಬಲ್ಲಿ ಶುರುವಾದ ಸಂಗ್ರಹ ನೂರು ವರ್ಷ ದಾಟಿದೆ.

ಒಳಗೆ ದೊಡ್ಡ ಗುಹೆ ಇರುತ್ತದೆ ಅಂದುಕೊಳ್ಳಬೇಡಿ. ಇರುವುದು ಮರಳುಗಲ್ಲು ಅಥವಾ ಸುಣ್ಣದ ಕಲ್ಲು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಮೇಲೆ ಗ್ಯಾಸ್ ನುಸುಳಲಾಗದ ಬಿಗಿಯಾದ ಕಲ್ಲಿನ ಪದರ. ಲಕ್ಷಾಂತರ ವರ್ಷ ಗ್ಯಾಸ್ ಹಿಡಿದಿಟ್ಟ ಜಾಗ ಇನ್ನು ಮುಂದೆಯೂ ಹಿಡಿದಿಡುತ್ತದೆ ಎಂಬ ಧೈರ್ಯದ ಮೇಲೆ ಕಂಪ್ರೆಸರ್ ಹಚ್ಚಿ ಬಾವಿಯ ಮೂಲಕ ಒಳಗೆ ತಳ್ಳುತ್ತಾರೆ. ಇದಲ್ಲದೆ ಇನ್ನೂ ಎರಡು ಬಗೆ ಇವೆ. ಆಳದ ನೀರಿನ ಪದರದಲ್ಲಿ ನೀರನ್ನು ಪಕ್ಕಕ್ಕೆ ಸರಿಸಿ ಗ್ಯಾಸ್ ತುಂಬುವುದು ಒಂದು. ದಪ್ಪ ಉಪ್ಪಿನ ಪದರ ಇದ್ದ ಕಡೆ ನೀರು ಬಿಟ್ಟು ಉಪ್ಪು ಕರಗಿಸಿ, ಆ ಉಪ್ಪುನೀರನ್ನು ಮೇಲೆತ್ತಿ, ಉಳಿದ ಪೊಳ್ಳಿನಲ್ಲಿ ತುಂಬುವುದು ಇನ್ನೊಂದು. ಉಪ್ಪಿನ ಪೊಳ್ಳು ಚಿಕ್ಕದು, ಆದರೆ ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ. ಇವತ್ತು ತುಂಬಿ ಮುಂದಿನ ವಾರ ಮಾರುವ ವ್ಯಾಪಾರಿಗೆ ಅದು ಇಷ್ಟ. ಹಳೆಯ ನಿಕ್ಷೇಪ ದೊಡ್ಡದು, ನಿಧಾನದ್ದು. ವರ್ಷಕ್ಕೆ ಒಂದು ಸಲ ತುಂಬುತ್ತದೆ, ಒಂದು ಸಲ ಖಾಲಿಯಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪತ್ರಿಕೆಗಳಲ್ಲಿ ಇದು ಬರುವುದು ಕಡಿಮೆ. ಒಳಗೆ ಹಾಕಿದ ಗ್ಯಾಸೆಲ್ಲ ಹೊರಗೆ ಬರುವುದಿಲ್ಲ. ಒತ್ತಡ ಉಳಿಸಿಕೊಳ್ಳಲು ಒಂದಷ್ಟು ಗ್ಯಾಸ್ ಕಾಯಂ ಆಗಿ ಒಳಗೇ ಇರಬೇಕು. ಇದಕ್ಕೆ ಕುಶನ್ ಗ್ಯಾಸ್ ಅನ್ನುತ್ತಾರೆ. ಹಳೆಯ ನಿಕ್ಷೇಪದಲ್ಲಿ ಸುಮಾರು ಅರ್ಧ ಭಾಗ ಹೀಗೇ ಹೋಗುತ್ತದೆ. ನೀರಿನ ಪದರದಲ್ಲಾದರೆ ಇನ್ನೂ ಜಾಸ್ತಿ. ಉಪ್ಪಿನ ಪೊಳ್ಳಿನಲ್ಲಿ ಕಾಲು ಭಾಗದ ಆಸುಪಾಸು. ಒಂದು ಹೊಸ ಸಂಗ್ರಹ ಶುರು ಮಾಡುವವನು ಎಂದೂ ಮಾರಲಾಗದ ಇಷ್ಟು ಗ್ಯಾಸ್ ಮೊದಲೇ ಕೊಂಡು ನೆಲಕ್ಕೆ ಹಾಕಬೇಕು. ಖರ್ಚಿನ ದೊಡ್ಡ ಪಾಲು ಅದೇ.

ಕುಶನ್ ಬಿಟ್ಟು ಮೇಲಿನದ್ದು ವರ್ಕಿಂಗ್ ಗ್ಯಾಸ್. 'ಶೇ 60 ತುಂಬಿದೆ' ಎಂದು ಸುದ್ದಿ ಬಂದರೆ ಅದು ಇದರ ಲೆಕ್ಕ. ಆದರೆ ಆ 60 ಪೂರ್ತಿ ಒಂದೇ ವೇಗದಲ್ಲಿ ಬರುವುದಿಲ್ಲ. ತುಂಬಿದ್ದಾಗ ಒತ್ತಡ ಹೆಚ್ಚು, ಗ್ಯಾಸ್ ರಭಸದಿಂದ ಬರುತ್ತದೆ. ಖಾಲಿಯಾಗುತ್ತ ಬಂದ ಹಾಗೆ ಒತ್ತಡ ಇಳಿಯುತ್ತದೆ, ದಿನಕ್ಕೆ ತೆಗೆಯಬಹುದಾದ ಪ್ರಮಾಣವೂ ಇಳಿಯುತ್ತದೆ. ಫೆಬ್ರವರಿ ಕೊನೆಯಲ್ಲಿ ದಾಸ್ತಾನು ಶೇ 20ಕ್ಕೆ ಬಂದಿದ್ದಾಗ ಚಳಿ ಮತ್ತೆ ಹೊಡೆದರೆ, ಲೆಕ್ಕದಲ್ಲಿ ಗ್ಯಾಸ್ ಇರುತ್ತದೆ, ಬೇಕಾದ ದಿನಕ್ಕೆ ಬೇಕಾದಷ್ಟು ಮೇಲೆ ಬರುವುದಿಲ್ಲ. ಮಾರ್ಚ್ ತಿಂಗಳ ಬೆಲೆ ಹುಚ್ಚೆದ್ದು ಕುಣಿಯುವುದಕ್ಕೆ ಇದು ಮುಖ್ಯ ಕಾರಣ.

ಈಗ ಮಾರುಕಟ್ಟೆಗೆ ಬರೋಣ.

ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡಲು ಗ್ಯಾಸ್ ಬೇಕು. ಬಾವಿಗಳು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಕೊಡುತ್ತವೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಿಕ್ಕಿದ್ದನ್ನು ತುಂಬುವುದು, ನವೆಂಬರ್‌ನಿಂದ ಮಾರ್ಚ್‌ವರೆಗೆ ತೆಗೆಯುವುದು. ಬೇಸಿಗೆಯ ಬೆಲೆಗೂ, ಮುಂದಿನ ಚಳಿಗಾಲಕ್ಕೆ ಇವತ್ತೇ ಕುದುರಿಸುವ ವಾಯಿದಾ ಬೆಲೆಗೂ ಇರುವ ಅಂತರವೇ ಸಂಗ್ರಹದ ಸಂಪಾದನೆ. ಬೇಸಿಗೆಯಲ್ಲಿ ಕೊಂಡು, ಅದೇ ದಿನ ಜನವರಿಗೆ ಮಾರುವ ಕರಾರು ಮಾಡಿಕೊಂಡರೆ ಲಾಭ ಅಲ್ಲೇ ಕಟ್ಟಿಟ್ಟ ಹಾಗೆ. ಬಾಡಿಗೆ, ಬಡ್ಡಿ, ಕಂಪ್ರೆಸರ್ ಖರ್ಚು ಕಳೆದು ಏನಾದರೂ ಉಳಿಯುತ್ತದೆ ಅನ್ನಿಸಿದರೆ ಮಾತ್ರ ವ್ಯಾಪಾರಿ ತುಂಬುತ್ತಾನೆ. ಉಳಿಯದಿದ್ದರೆ ತುಂಬುವುದಿಲ್ಲ. ಅದು ಅವನ ತಪ್ಪೂ ಅಲ್ಲ.

ಈ ಅಂತರದ ಮೇಲೇ ಜೂಜು ಕಟ್ಟುವವರೂ ಇದ್ದಾರೆ. ಮಾರ್ಚ್ ಅಂದರೆ ತೆಗೆಯುವ ಕೊನೆಯ ತಿಂಗಳು, ಏಪ್ರಿಲ್ ಅಂದರೆ ತುಂಬುವ ಮೊದಲ ತಿಂಗಳು. ದಾಸ್ತಾನು ಸಾಕಷ್ಟಿದ್ದರೆ ಎರಡರ ಬೆಲೆ ಹೆಚ್ಚುಕಡಿಮೆ ಒಂದೇ. ಸಾಲದೆ ಹೋದರೆ ಮಾರ್ಚ್ ಆಕಾಶಕ್ಕೆ ಏರುತ್ತದೆ. 2006ರಲ್ಲಿ ಅಮರಾಂತ್ ಎಂಬ ಅಮೆರಿಕದ ಹೆಜ್ ಫಂಡ್, ಅಂದರೆ ಸಿರಿವಂತರ ದುಡ್ಡು ಹೂಡುವ ಸಂಸ್ಥೆ, ದಾಸ್ತಾನು ಸಾಲದೆ ಹೋಗುತ್ತದೆ ಎಂಬ ಕಡೆಗೆ ದೊಡ್ಡ ಪಣ ಒಡ್ಡಿತು. ಹಿಂದಿನ ವರ್ಷ ಕತ್ರಿನಾ, ರೀಟಾ ಚಂಡಮಾರುತಗಳು ಗ್ಯಾಸ್ ಬಾವಿಗಳನ್ನು ಹೊಡೆದಾಗ ಅದಕ್ಕೆ ಭಾರಿ ಲಾಭವಾಗಿತ್ತು. ಈ ಸಲ ಚಂಡಮಾರುತ ಬರಲಿಲ್ಲ. ನೆಲದಡಿ ದಾಸ್ತಾನು ತುಂಬುತ್ತಲೇ ಹೋಯಿತು. ಸೆಪ್ಟೆಂಬರ್‌ನ ಕೆಲವೇ ದಿನಗಳಲ್ಲಿ 600 ಕೋಟಿ ಡಾಲರಿಗೂ ಹೆಚ್ಚು ಕರಗಿತು. ಫಂಡ್ ಮುಚ್ಚಿತು.

ಆದರೆ ನಾನು ನಿಜವಾಗಿ ಹೇಳಬೇಕೆಂದಿರುವುದು ಈ ಪಣದ ಕಥೆಯನ್ನಲ್ಲ. ದಾಸ್ತಾನು ತುಂಬಿಸುವ ಕೆಲಸವನ್ನು ಪೂರ್ತಿ ಬೆಲೆಯ ಅಂತರಕ್ಕೆ ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬುದನ್ನು. ಅಂತರ ಕಾಣಿಸುವುದು ಸಾಮಾನ್ಯ ವರ್ಷದಲ್ಲಿ. ದಾಸ್ತಾನು ನಿಜವಾಗಿ ಬೇಕಾಗುವುದು ಕೆಟ್ಟ ವರ್ಷದಲ್ಲಿ. ಹತ್ತು ವರ್ಷಕ್ಕೊಮ್ಮೆ ಬರುವ ಆಪತ್ತಿಗೆ ಅಂತ ಪ್ರತಿ ವರ್ಷ ಗ್ಯಾಸ್ ಕೊಂಡಿಡಿ ಅಂದರೆ ಯಾವ ವ್ಯಾಪಾರಿ ಇಟ್ಟಾನು?

ಬ್ರಿಟನ್ನಿನ ಕಥೆ ಚಿಕ್ಕದು. ಯಾರ್ಕ್‌ಷೈರ್ ಕರಾವಳಿಯಾಚೆ ಸಮುದ್ರದಡಿಯಲ್ಲಿ ರಫ್ ಎಂಬ ಹಳೆಯ ಗ್ಯಾಸ್ ನಿಕ್ಷೇಪ ಇದೆ. 1985ರಿಂದ ಅದು ಸಂಗ್ರಹಾಗಾರ. ದೇಶದ ಒಟ್ಟು ಸಂಗ್ರಹ ಸಾಮರ್ಥ್ಯದಲ್ಲಿ ಶೇ 70ರಷ್ಟು ಅದೊಂದರಲ್ಲೇ ಇತ್ತು. ಬಾವಿಗಳು ಹಳೆಯದಾದವು, ರಿಪೇರಿಗೆ ದುಡ್ಡು ಬೇಕಾಯಿತು. ಬೇಸಿಗೆ ಚಳಿಗಾಲದ ಬೆಲೆಯ ಅಂತರ ಆಗ ತೀರ ಸಣ್ಣದಾಗಿತ್ತು. ರಿಪೇರಿ ಮಾಡಿಸಿ ನಡೆಸಿದರೆ ಗಿಟ್ಟುವುದಿಲ್ಲ ಎಂದು 2017ರಲ್ಲಿ ಮುಚ್ಚಿದರು. ಗ್ಯಾಸ್ ಬೇಕಾದಾಗ ನಾರ್ವೆಯ ಪೈಪು, ಕತಾರಿನ ಹಡಗು ಇವೆಯಲ್ಲ ಎಂಬ ಧೈರ್ಯ. ಐದೇ ವರ್ಷಕ್ಕೆ, 2022ರ ಅಕ್ಟೋಬರಿನಲ್ಲಿ, ಅದನ್ನು ಅಲ್ಪಸ್ವಲ್ಪವಾದರೂ ತೆರೆಯಬೇಕಾಯಿತು.

ಜರ್ಮನಿಯ ಕಥೆ ಮಾತ್ರ ನಿಧಾನವಾಗಿ ಹೇಳಬೇಕು. ಯಾಕೆಂದರೆ ಅದರ ಬಾಲ ನಮ್ಮವರೆಗೂ ಬರುತ್ತದೆ.

ಲೋವರ್ ಸ್ಯಾಕ್ಸನಿ ಪ್ರಾಂತ್ಯದಲ್ಲಿ ರೇಡನ್ ಎಂಬ ಚಿಕ್ಕ ಊರು. ಅದರಡಿಯಲ್ಲಿ ಸುಮಾರು 2,000 ಮೀಟರ್ ಆಳದಲ್ಲಿ ಜರ್ಮನಿಯ ಅತಿ ದೊಡ್ಡ ಗ್ಯಾಸ್ ಸಂಗ್ರಹ. ಸುಮಾರು 400 ಕೋಟಿ ಘನ ಮೀಟರ್ ಹಿಡಿಯುತ್ತದೆ. ದೇಶದ ಸಂಗ್ರಹದಲ್ಲಿ ಸುಮಾರು ಐದರಲ್ಲೊಂದು ಪಾಲು. 2015ರಲ್ಲಿ, ಕ್ರಿಮಿಯಾ ರಷ್ಯಾದ ವಶವಾದ ಮರುವರ್ಷ, ಒಂದು ಆಸ್ತಿ ವಿನಿಮಯದಲ್ಲಿ ಇದು ಪೂರ್ತಿ ರಷ್ಯಾದ ಸರ್ಕಾರಿ ಗ್ಯಾಸ್ ಕಂಪನಿ ಗಾಜ್‌ಪ್ರಾಮ್ ಕೈಗೆ ಹೋಯಿತು. ಜರ್ಮನಿಗೆ ಗ್ಯಾಸ್ ಮಾರುವವನ ಕೈಯಲ್ಲೇ ಜರ್ಮನಿಯ ಕಣಜದ ಬೀಗದ ಕೈ. ಆಗ ಇದು ಬರೀ ವ್ಯವಹಾರ ಎಂದು ಸರ್ಕಾರ ಒಪ್ಪಿತು.

2021ರ ಬೇಸಿಗೆ. ಹಿಂದಿನ ಚಳಿಗಾಲ ಉದ್ದವಾಗಿತ್ತು, ದಾಸ್ತಾನು ಇಳಿದಿತ್ತು. ಕೋವಿಡ್ ಇಳಿಯುತ್ತಿದ್ದ ಹಾಗೆ ಏಷ್ಯಾದ ದೇಶಗಳು ಎಲ್‌ಎನ್‌ಜಿ ಹಡಗುಗಳನ್ನು ಎಳೆದುಕೊಳ್ಳುತ್ತಿದ್ದವು. ಯೂರೋಪಿನಲ್ಲಿ ಬೇಸಿಗೆಯ ಬೆಲೆಯೇ ಏರಿ ಚಳಿಗಾಲದ ಬೆಲೆಯ ಪಕ್ಕ ಬಂದು ನಿಂತಿತು. ಅಂತರ ಇಲ್ಲ, ಲಾಭ ಇಲ್ಲ, ಖಾಸಗಿಯವರು ಹಿಂಜರಿದರು. ಗಾಜ್‌ಪ್ರಾಮ್ ಕರಾರಿನಲ್ಲಿ ಇದ್ದಷ್ಟು ಕಳಿಸಿತು, ತನ್ನ ವಶದಲ್ಲಿದ್ದ ಸಂಗ್ರಹಗಳನ್ನು ತುಂಬಲಿಲ್ಲ. ಚಳಿ ಶುರುವಾಗುವಾಗ ಬೇರೆ ಕಂಪನಿಗಳ ಸಂಗ್ರಹಗಳು ತಕ್ಕಮಟ್ಟಿಗೆ ತುಂಬಿದ್ದವು. ರೇಡನ್ ಹೆಚ್ಚುಕಡಿಮೆ ಖಾಲಿ.

ಇದು ಗುಟ್ಟಾಗಿರಲಿಲ್ಲ. ಯೂರೋಪಿನ ಪ್ರತಿಯೊಂದು ಸಂಗ್ರಹ ಎಷ್ಟು ತುಂಬಿದೆ ಎಂದು ದಿನದಿನವೂ ಪ್ರಕಟವಾಗುತ್ತದೆ. ಯಾರು ಬೇಕಾದರೂ ನೋಡಬಹುದು. ವ್ಯಾಪಾರಿಗಳು ನೋಡಿದರು, ಪತ್ರಕರ್ತರು ಬರೆದರು. ತುಂಬಿಸುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ಇಷ್ಟು ತುಂಬಿರಲೇಬೇಕು ಎಂಬ ಕಾನೂನು ಜರ್ಮನಿಯಲ್ಲಿ ಇರಲಿಲ್ಲ. ನನಗೆ ಈ ಕಥೆಯಲ್ಲಿ ಅತಿ ಹೆಚ್ಚು ನೋವು ಕೊಡುವುದು ಇದೇ. ಅಂಕಿ ಎಲ್ಲರ ಕಣ್ಣ ಮುಂದಿತ್ತು, ಹೊಣೆ ಯಾರ ತಲೆಯ ಮೇಲೂ ಇರಲಿಲ್ಲ.

2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ರಷ್ಯಾದ ಯುದ್ಧ. ಏಪ್ರಿಲ್ ಮೊದಲ ವಾರ ಜರ್ಮನಿ ಸರ್ಕಾರ ಗಾಜ್‌ಪ್ರಾಮ್ ಜರ್ಮೇನಿಯಾ ಎಂಬ ಅಂಗಸಂಸ್ಥೆಯನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ರೇಡನ್ ಇದ್ದದ್ದು ಅದರ ಕೆಳಗೇ. ತರಾತುರಿಯಲ್ಲಿ ಕಾನೂನು ಬಂತು. ಯೂರೋಪ್ ಒಕ್ಕೂಟವೂ ನಿಯಮ ಮಾಡಿತು. ಆ ವರ್ಷದ ನವೆಂಬರ್ 1ರೊಳಗೆ ಶೇ 80, ಮುಂದಿನ ವರ್ಷಗಳಲ್ಲಿ ಶೇ 90 ತುಂಬಿರಬೇಕು. ಜರ್ಮನಿಯಲ್ಲಿ ಈ ಕೆಲಸ ವಹಿಸಿಕೊಂಡ ಸಂಸ್ಥೆ ಸಾಲದ ದುಡ್ಡಿನಲ್ಲಿ ಸಿಕ್ಕ ಬೆಲೆಗೆ ಕೊಳ್ಳತೊಡಗಿತು. ಒಂದು ಕಡೆ ರಷ್ಯಾ ಪೈಪು ತಿರುವುತ್ತಿದೆ, ಇನ್ನೊಂದು ಕಡೆ ಇಡೀ ಯೂರೋಪ್ ಒಂದೇ ಬೇಸಿಗೆಯಲ್ಲಿ ಕಣಜ ತುಂಬಲು ಓಡುತ್ತಿದೆ. 2021ರ ಆರಂಭದಲ್ಲಿ ಮೆಗಾವ್ಯಾಟ್ ಗಂಟೆಗೆ ಸುಮಾರು 20 ಯೂರೋ ಇದ್ದ ಬೆಲೆ 2022ರ ಆಗಸ್ಟ್ ಕೊನೆಯಲ್ಲಿ 300 ದಾಟಿತು. ನವೆಂಬರ್ ಮಧ್ಯದ ಹೊತ್ತಿಗೆ ಜರ್ಮನಿಯ ಸಂಗ್ರಹಗಳು ಹೆಚ್ಚುಕಡಿಮೆ ಪೂರ್ತಿ ತುಂಬಿದವು. ಅದರ ಖರ್ಚನ್ನು ಗ್ರಾಹಕರ ಬಿಲ್ಲಿನಲ್ಲಿ ಒಂದು ಸುಂಕವಾಗಿ ವರ್ಷಗಟ್ಟಲೆ ವಸೂಲು ಮಾಡಿದರು.

ಈಗ ಆ ಬಾಲ. ಗಾಜ್‌ಪ್ರಾಮ್ ಜರ್ಮೇನಿಯಾದ ಕೆಳಗೆ ಸಿಂಗಾಪುರದಲ್ಲಿ ಒಂದು ವ್ಯಾಪಾರ ಕಂಪನಿ ಇತ್ತು. ನಮ್ಮ ಸರ್ಕಾರಿ ಗ್ಯಾಸ್ ಕಂಪನಿ ಗೇಲ್‌ಗೆ 20 ವರ್ಷದ ಕರಾರಿನ ಮೇಲೆ 2018ರಿಂದ ಎಲ್‌ಎನ್‌ಜಿ ಕೊಡುತ್ತಿದ್ದದ್ದು ಅದೇ. ಜರ್ಮನಿ ಅದನ್ನು ವಶಕ್ಕೆ ತೆಗೆದುಕೊಂಡಿತು, ಮೇ ತಿಂಗಳಲ್ಲಿ ರಷ್ಯಾ ಆ ಗುಂಪಿನ ಕಂಪನಿಗಳ ಮೇಲೇ ನಿರ್ಬಂಧ ಹಾಕಿತು. ನಮಗೆ ಬರಬೇಕಾದ ಹಡಗುಗಳು ನಿಂತವು. ಗೇಲ್ ಗೊಬ್ಬರದ ಕಾರ್ಖಾನೆಗಳಿಗೂ ಕೈಗಾರಿಕೆಗಳಿಗೂ ಪಡಿತರದ ಹಾಗೆ ಅಳೆದು ಕೊಡಬೇಕಾಯಿತು. ಹೊರಗೆ ಕೊಳ್ಳೋಣ ಅಂದರೆ ಯೂರೋಪ್ ಎತ್ತಿ ಹಿಡಿದ ಬೆಲೆ. ಗುಜರಾತಿನ ಮೋರ್ಬಿಯ ಟೈಲ್ಸ್ ಕಾರ್ಖಾನೆಗಳು ಗ್ಯಾಸ್ ಬಿಟ್ಟು ಪ್ರೊಪೇನ್ ಉರಿಸಿದವು. ನಮ್ಮ ಎಲ್‌ಎನ್‌ಜಿ ಆಮದೇ ಆ ವರ್ಷ ಇಳಿಯಿತು. ಕರಾರಿನ ವಿವಾದ ಬಗೆಹರಿದದ್ದು 2025ರ ಜನವರಿಯಲ್ಲಿ, 28.5 ಕೋಟಿ ಡಾಲರ್ ಪರಿಹಾರದೊಂದಿಗೆ.

ನಮಗಿಂತ ಬಡವರ ಪಾಡು ಇನ್ನೂ ಕೆಟ್ಟದಾಯಿತು. ಪಾಕಿಸ್ತಾನ ಟೆಂಡರ್ ಕರೆದರೆ ಒಬ್ಬ ಮಾರಾಟಗಾರನೂ ಬರಲಿಲ್ಲ. ಬಾಂಗ್ಲಾದೇಶ ಜುಲೈನಲ್ಲಿ ಹೊರಗಿನ ಖರೀದಿಯನ್ನೇ ನಿಲ್ಲಿಸಿ ಊರೂರಿಗೆ ಕರೆಂಟ್ ಕಡಿತ ಮಾಡಿತು. ಉತ್ತರ ಜರ್ಮನಿಯ ನೆಲದಡಿ ಒಂದು ಬೇಸಿಗೆ ತುಂಬದೆ ಬಿಟ್ಟದ್ದರ ಭಾರದಲ್ಲಿ ಒಂದು ಪಾಲು ಢಾಕಾದ ಕತ್ತಲೆ ಮನೆಯಲ್ಲೂ ಬಿತ್ತು. ಯುದ್ಧವೇ ಮೂಲ ಕಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಣಜ ತುಂಬಿದ್ದಿದ್ದರೆ ಆ ಓಟದ ಗಾಬರಿ ಅಷ್ಟಿರುತ್ತಿರಲಿಲ್ಲ.

ಹಾಗಾದರೆ ಕಾನೂನು ಮಾಡಿದರೆ ಮುಗಿಯಿತಾ? ಇಲ್ಲ. ಶೇ 90ರ ನಿಯಮ ಮುಂದೆ ಇನ್ನೊಂದು ತೊಡಕು ತಂದಿತು. 2025ರ ಆರಂಭದಲ್ಲಿ ಯೂರೋಪಿನ ದಾಸ್ತಾನು ಬೇಗ ಇಳಿದಿತ್ತು. ನವೆಂಬರ್ ಒಳಗೆ ಇವರು ಎಷ್ಟಾದರೂ ಕೊಟ್ಟು ತುಂಬಲೇಬೇಕು ಎಂಬುದು ಎಲ್ಲ ವ್ಯಾಪಾರಿಗಳಿಗೂ ಗೊತ್ತು. ಬೇಸಿಗೆಯ ವಾಯಿದಾ ಬೆಲೆ ಮುಂದಿನ ಚಳಿಗಾಲದ್ದಕ್ಕಿಂತ ಮೇಲಕ್ಕೆ ಹೋಗಿ ನಿಂತಿತು. ದುಬಾರಿಗೆ ಕೊಂಡು ಅಗ್ಗಕ್ಕೆ ಮಾರಿ ಅಂದ ಹಾಗಾಯಿತು. ತುಂಬಿಸಲು ಮಾಡಿದ ನಿಯಮವೇ ತುಂಬುವವರನ್ನು ದೂರ ಇಟ್ಟಿತು. ಕೊನೆಗೆ ಅದೇ ವರ್ಷ ನಿಯಮ ಸಡಿಲಿಸಿದರು. ಅಕ್ಟೋಬರ್ 1ರಿಂದ ಡಿಸೆಂಬರ್ 1ರ ಒಳಗೆ ಯಾವಾಗ ಬೇಕಾದರೂ ಶೇ 90 ಮುಟ್ಟಿದರೆ ಸಾಕು, ಕಷ್ಟವಿದ್ದರೆ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ ಎಂದರು. ನನ್ನ ಅಭಿಪ್ರಾಯದಲ್ಲಿ ಗುರಿ ತಪ್ಪಲ್ಲ, ಒಂದೇ ತಾರೀಖಿಗೆ ಎಲ್ಲರನ್ನೂ ಕಟ್ಟಿದ್ದು ತಪ್ಪು.

ಚೀನಾ ಬೇರೆ ದಾರಿ ಹಿಡಿಯಿತು. 2017ರ ಚಳಿಗಾಲದಲ್ಲಿ ಹೊಗೆ ತಗ್ಗಿಸಲು ಉತ್ತರದ ಊರುಗಳಲ್ಲಿ ಕಲ್ಲಿದ್ದಲ ಒಲೆಗಳನ್ನು ಕೀಳಿಸಿದ್ದರು. ಗ್ಯಾಸ್ ಸಾಲಲಿಲ್ಲ. ಹೆಬೇ ಪ್ರಾಂತ್ಯದಲ್ಲಿ ಬಿಸಿ ಇಲ್ಲದ ತರಗತಿಯಿಂದ ಮಕ್ಕಳು ಹೊರಗೆ ಬಂದು ಬಿಸಿಲಲ್ಲಿ ಕೂತರು. ಮರುವರ್ಷವೇ ಸರ್ಕಾರ ಹೊಣೆ ಹಂಚಿತು. ಗ್ಯಾಸ್ ಪೂರೈಸುವ ಕಂಪನಿ ತನ್ನ ವರ್ಷದ ಮಾರಾಟದ ಶೇ 10, ನಗರಗಳಿಗೆ ಹಂಚುವ ಕಂಪನಿ ಶೇ 5, ಸ್ಥಳೀಯ ಸರ್ಕಾರ 3 ದಿನದ ಬಳಕೆಯಷ್ಟು ಸಂಗ್ರಹ ಸಾಮರ್ಥ್ಯ ಕಟ್ಟಿಕೊಳ್ಳಬೇಕು. ಯಾರ ಪಾಲಿಗೆ ಎಷ್ಟು ಎಂಬುದು ಸ್ಪಷ್ಟವಾಯಿತು. ನನಗೆ ಇದು ಹಿಡಿಸುತ್ತದೆ.

ಸಂಗ್ರಹಕ್ಕೆ ಅಪಾಯವೇ ಇಲ್ಲ ಎಂದು ಹೇಳಿ ಹೋದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಲಾಸ್ ಏಂಜಲೀಸ್ ಹತ್ತಿರ ಅಲೀಸೊ ಕ್ಯಾನ್ಯನ್ ಎಂಬ ಸಂಗ್ರಹವಿದೆ. ಹಳೆಯ ತೈಲ ನಿಕ್ಷೇಪ. 2015ರ ಅಕ್ಟೋಬರ್ 23ರಂದು ಅಲ್ಲಿನ ಒಂದು ಬಾವಿ ಸೋರುವುದು ಗೊತ್ತಾಯಿತು. ಬಾವಿ ಕೊರೆದದ್ದು 1953ರಲ್ಲಿ. ಉಕ್ಕಿನ ಕೊಳವೆ ಹೊರಗಿನಿಂದ ತುಕ್ಕು ಹಿಡಿದಿತ್ತು. ಆಳದಲ್ಲಿದ್ದ ಸುರಕ್ಷತಾ ವಾಲ್ವ್ ಅನ್ನು 1979ರಲ್ಲೇ ತೆಗೆದುಹಾಕಿದ್ದರು, ಮತ್ತೆ ಹಾಕಿರಲಿಲ್ಲ. ಸೋರಿಕೆ ನಿಲ್ಲಿಸಲು ಫೆಬ್ರವರಿ ಬಂತು. ಅಷ್ಟರಲ್ಲಿ ಸುಮಾರು 1 ಲಕ್ಷ ಟನ್ ಮೀಥೇನ್ ಗಾಳಿಗೆ ಹೋಗಿತ್ತು. 20 ವರ್ಷದ ಲೆಕ್ಕ ಹಿಡಿದರೆ ಮೀಥೇನ್ ಭೂಮಿಯನ್ನು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಪಕ್ಕದ ಪೋರ್ಟರ್ ರ‍್ಯಾಂಚ್ ಬಡಾವಣೆಯ ಜನಕ್ಕೆ ತಲೆನೋವು, ವಾಕರಿಕೆ, ಮೂಗಿನಲ್ಲಿ ರಕ್ತ. 8,000ಕ್ಕೂ ಹೆಚ್ಚು ಕುಟುಂಬಗಳು ತಾತ್ಕಾಲಿಕವಾಗಿ ಮನೆ ಬಿಟ್ಟವು. ಇಲ್ಲಿ ಕಲ್ಲು ಕೈಕೊಡಲಿಲ್ಲ. ಮನುಷ್ಯ ಇಳಿಸಿದ ಕೊಳವೆ ಕೈಕೊಟ್ಟಿತು. ಹಾಗಾಗಿ ಹಳೆಯ ಬಾವಿಗಳಿಗೆ ಗ್ಯಾಸ್ ತುಂಬುತ್ತೇವೆ ಎಂದು ಯಾರಾದರೂ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಬಾವಿಯ ವಯಸ್ಸು ಎಷ್ಟು, ಒಳಗಿನ ಕೊಳವೆಯನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ ಅಂತ.

ಈಗ ನಮ್ಮ ಮನೆಗೆ ಬರೋಣ. ಭಾರತ ವರ್ಷಕ್ಕೆ ಸುಮಾರು 6,500ರಿಂದ 7,000 ಕೋಟಿ ಘನ ಮೀಟರ್ ಗ್ಯಾಸ್ ಬಳಸುತ್ತದೆ. ಅರ್ಧದಷ್ಟು ಹಡಗಿನಲ್ಲಿ ಬರುತ್ತದೆ. ಯೂರೋಪ್ ಒಕ್ಕೂಟದ ನೆಲದಡಿಯ ಸಂಗ್ರಹ ಸಾಮರ್ಥ್ಯ 10,000 ಕೋಟಿ ಘನ ಮೀಟರಿಗೂ ಮೀರಿದ್ದು. ಅಂದರೆ ನಮ್ಮ ಇಡೀ ವರ್ಷದ ಬಳಕೆಗಿಂತ ಅವರ ಕಣಜ ದೊಡ್ಡದು. ನಮ್ಮದೆಷ್ಟು? ನೆಲದಡಿಯ ನೈಸರ್ಗಿಕ ಅನಿಲ ಸಂಗ್ರಹ ನಮ್ಮಲ್ಲಿ ಇಲ್ಲ. ದಹೇಜ್, ಹಜೀರಾ, ಕೊಚ್ಚಿಯಂಥ ಟರ್ಮಿನಲ್‌ಗಳ ಟ್ಯಾಂಕುಗಳು, ಪೈಪ್‌ಲೈನ್ ಒಳಗೆ ಒತ್ತಿ ಇಟ್ಟ ಗ್ಯಾಸ್, ಅಷ್ಟೇ. ಒಂದು ಟ್ಯಾಂಕಿನಲ್ಲಿ ಸುಮಾರು ಒಂದು ಹಡಗಿನ ಸರಕು ಹಿಡಿಯುತ್ತದೆ. ಮುಂದಿನ ಹಡಗು ಬರುವ ಮೊದಲು ಅದು ಖಾಲಿಯಾಗಬೇಕು. ಇದು ಕಣಜ ಅಲ್ಲ, ಬಸ್ ನಿಲ್ದಾಣ.

ನಮಗೆ ಚಳಿಗಾಲದ ಒಲೆ ಇಲ್ಲವಲ್ಲ, ಕಣಜ ಯಾಕೆ ಅಂತ ಕೇಳುತ್ತಾರೆ. ಒಪ್ಪುತ್ತೇನೆ. ನಮ್ಮ ಬಳಕೆ ವರ್ಷವಿಡೀ ಒಂದೇ ಸಮ. ಅತಿ ದೊಡ್ಡ ಗಿರಾಕಿ ಯೂರಿಯಾ ಕಾರ್ಖಾನೆ. ಅದಕ್ಕೇ ಬೇಸಿಗೆ ಚಳಿಗಾಲದ ಅಂತರ ನಂಬಿ ಇಲ್ಲಿ ಯಾವ ಖಾಸಗಿಯವನೂ ಸಂಗ್ರಹ ಕಟ್ಟುವುದಿಲ್ಲ. ನಮಗೆ ಬೇಕಿರುವುದು ಕೆಟ್ಟ ವರ್ಷದ ರಕ್ಷಣೆ. ಮಾರುಕಟ್ಟೆ ತಾನಾಗಿ ಕೊಡದೆ ಇರುವುದೂ ಅದನ್ನೇ.

ಒಂದೇ ವಸಂತದ ಎರಡು ಲೆಕ್ಕ ಇಡುತ್ತೇನೆ. 2020ರ ಏಪ್ರಿಲ್, ಮೇ. ಲಾಕ್‌ಡೌನ್‌ನಿಂದ ಕಚ್ಚಾತೈಲದ ಬೆಲೆ ನೆಲ ಕಚ್ಚಿತ್ತು. ಇಲ್ಲೇ ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಹಿಡಿಯುವ ಕಲ್ಲಿನ ಗುಹೆಗಳನ್ನು ಸರ್ಕಾರ ಬ್ಯಾರಲ್‌ಗೆ ಸುಮಾರು 19 ಡಾಲರಿನಂತೆ ಕೊಂಡು ತುಂಬಿತು. 5,000 ಕೋಟಿ ರೂಪಾಯಿ ಉಳಿಯಿತು ಎಂದು ಸರ್ಕಾರವೇ ಹೇಳಿತು. ಅದೇ ಎರಡು ತಿಂಗಳಲ್ಲಿ ಏಷ್ಯಾಕ್ಕೆ ಬರುವ ಎಲ್‌ಎನ್‌ಜಿಯ ಬೆಲೆ ಒಂದು ಎಂಎಂಬಿಟಿಯುಗೆ (ಗ್ಯಾಸಿನ ಶಾಖ ಅಳೆಯುವ ಮಾನ) 2 ಡಾಲರಿಗೂ ಕೆಳಗೆ ಇಳಿದಿತ್ತು. ಕೊಳ್ಳುವವರಿಲ್ಲದೆ ಅಮೆರಿಕದಲ್ಲಿ ಹಡಗು ತುಂಬುವುದನ್ನೇ ರದ್ದು ಮಾಡುತ್ತಿದ್ದರು. ತೈಲಕ್ಕೆ ಗುಹೆ ಇತ್ತು, ತುಂಬಿದೆವು. ಗ್ಯಾಸಿಗೆ ಜಾಗ ಇರಲಿಲ್ಲ. ಎರಡು ವರ್ಷ ಕಳೆದು ಅದೇ ಗ್ಯಾಸಿಗೆ 50 ಡಾಲರ್ ಮೀರಿದ ಬೆಲೆ ಕೇಳಿದರು. ಸಂಗ್ರಹ ಇಲ್ಲದ್ದಕ್ಕೆ ನಾವು ಏನೂ ಕೊಡುತ್ತಿಲ್ಲ ಎಂಬುದು ಸುಳ್ಳು. ಗೊಬ್ಬರದ ಸಬ್ಸಿಡಿಯಲ್ಲಿ, ಸಿಎನ್‌ಜಿ ಹಾಕಿಸುವ ಆಟೊದವರ ಸಂಪಾದನೆಯಲ್ಲಿ ಕೊಡುತ್ತಿದ್ದೇವೆ. ಬಿಲ್ಲಿನಲ್ಲಿ ಆ ಹೆಸರಿನ ಸಾಲು ಇಲ್ಲ, ಅಷ್ಟೇ.

ಮಂಗಳೂರಿಗೆ ಇದು ದೂರದ ವಿಷಯ ಅಲ್ಲ. 2021ರ ಜನವರಿ 5ರಂದು ಕೊಚ್ಚಿ ಮಂಗಳೂರು ಪೈಪ್‌ಲೈನ್ ಉದ್ಘಾಟನೆಯಾಯಿತು. 450 ಕಿಲೋಮೀಟರ್. ಪಣಂಬೂರಿನ ಗೊಬ್ಬರದ ಕಾರ್ಖಾನೆ ಕಚ್ಚಾತೈಲದಿಂದ ಬರುವ ನಾಫ್ತಾ ಬಿಟ್ಟು ಗ್ಯಾಸಿಗೆ ಬಂತು. ಆ ಪೈಪಿನ ಇನ್ನೊಂದು ತುದಿಯಲ್ಲಿರುವುದು ಕೊಚ್ಚಿಯ ಟ್ಯಾಂಕುಗಳು, ಅದರಾಚೆ ಸಮುದ್ರ. ನಡುವೆ ಎಲ್ಲೂ ಒಂದು ತಿಂಗಳ ಗ್ಯಾಸ್ ಕೂಡಿಟ್ಟ ಜಾಗ ಇಲ್ಲ. ಹಳೆಯ ಬಾವಿಗಳಲ್ಲಿ ಸಂಗ್ರಹ ಮಾಡುವ ಮಾತು ಸರ್ಕಾರದಲ್ಲಿ ಕೆಲವು ವರ್ಷಗಳಿಂದ ಇದೆ. ಕುಶನ್ ಗ್ಯಾಸಿನ ದುಡ್ಡು ಯಾರು ಹಾಕುತ್ತಾರೆ, ಯಾವಾಗ ತೆರೆಯಬೇಕು ಎಂದು ಯಾರು ತೀರ್ಮಾನಿಸುತ್ತಾರೆ, ಇವೆರಡು ಬಗೆಹರಿಯದೆ ಅದು ಮಾತಾಗಿಯೇ ಉಳಿಯುತ್ತದೆ. ಕುಶನ್ ಗ್ಯಾಸನ್ನು ಸರ್ಕಾರವೇ ಕೊಳ್ಳಬೇಕು, ಮೇಲಿನ ಜಾಗವನ್ನು ಕಂಪನಿಗಳಿಗೆ ಬಾಡಿಗೆಗೆ ಕೊಡಬೇಕು, ಒಂದು ಪಾಲನ್ನು ಮಾತ್ರ ಯಾರೂ ಮುಟ್ಟದ ಹಾಗೆ ಕಾನೂನಿನಲ್ಲಿ ಬರೆದಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೀಗದ ಕೈ ಮಾರುವವನ ಹತ್ತಿರ ಇರಬಾರದು ಎಂಬುದು ರೇಡನ್‌ನಿಂದ ನಾನು ತೆಗೆದುಕೊಂಡದ್ದು.

ಇಷ್ಟಕ್ಕೆ ನನ್ನ ಮಾತು ನಿಲ್ಲಿಸಿ ಪ್ರಶ್ನೆಗಳಿಗೆ ಬಂದೆ.

ಒಬ್ಬ ಹುಡುಗ ಕೇಳಿದ: 'ಸರ್, ಎಂಸಿಎಕ್ಸ್‌ನಲ್ಲಿ ದಾಸ್ತಾನು ಏರಿದರೆ ಬೆಲೆ ಇಳಿಯಬೇಕು ಅಲ್ವಾ? ಎಷ್ಟೋ ಸಲ ಏರುತ್ತೆ, ಯಾಕೆ?'

ಯಾಕೆಂದರೆ ಬೆಲೆ ಕಾಯುವುದು ದಾಸ್ತಾನಿಗಲ್ಲ, ಅಂದಾಜಿಗೂ ದಾಸ್ತಾನಿಗೂ ಇರುವ ವ್ಯತ್ಯಾಸಕ್ಕೆ. ಹತ್ತಾರು ಕಡೆ ತಜ್ಞರು ಹವಾಮಾನ, ಪೈಪ್‌ಲೈನ್ ಹರಿವು ನೋಡಿ ಮೊದಲೇ ಅಂದಾಜು ಹಾಕಿರುತ್ತಾರೆ. ಎಲ್ಲರೂ 100 ಏರುತ್ತದೆ ಅಂದುಕೊಂಡಿದ್ದು 80 ಮಾತ್ರ ಏರಿದರೆ ಅದು ಕೊರತೆಯ ಸುದ್ದಿ. ಅದರ ಮೇಲೆ ಮುಂದಿನ ಎರಡು ವಾರದ ಹವಾಮಾನ ಮುನ್ಸೂಚನೆ ಬದಲಾದರೆ ಈ ಅಂಕಿಗೆ ಬೆಲೆಯೇ ಇಲ್ಲ. ಅಮೆರಿಕದ ಚಳಿಯನ್ನು ಇಲ್ಲಿ ಕೂತು ಅವರಿಗಿಂತ ಮೊದಲು ತಿಳಿಯುವುದು ನಿನಗೂ ನನಗೂ ಆಗುವ ಕೆಲಸ ಅಲ್ಲಪ್ಪ. ಓದುವ ವಯಸ್ಸು, ಸಾಲ ಮಾಡಿ ಅದರಲ್ಲಿ ದುಡ್ಡು ಹಾಕಬೇಡ.

ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು. 'ನಮ್ಮ ಪಾದೂರಿನಲ್ಲಿ ಬಂಡೆ ಕೊರೆದು ತೈಲ ಇಟ್ಟಿದ್ದಾರೆ. ಮಂಗಳೂರಿನಲ್ಲೇ 80,000 ಟನ್ ಎಲ್‌ಪಿಜಿಗೂ ಗುಹೆ ಮಾಡಿದ್ದಾರೆ. ಅದೇ ಥರ ಈ ಗ್ಯಾಸಿಗೂ ಮಾಡಬಹುದಲ್ಲ?'

ಅದೇ ಗುಹೆಯಲ್ಲಿ ಆಗುವುದಿಲ್ಲ ಸರ್. ಪಾದೂರಿನಲ್ಲಿ ತೈಲವನ್ನು ಹಿಡಿದಿಟ್ಟಿರುವುದು ಬಂಡೆಯ ಸುತ್ತಲಿನ ಅಂತರ್ಜಲದ ಒತ್ತಡ. ನೀರು ಒಳಮುಖವಾಗಿ ಒತ್ತುತ್ತದೆ, ತೈಲ ಹೊರಗೆ ಹೋಗುವುದಿಲ್ಲ. ಎಲ್‌ಪಿಜಿ ಕಡಿಮೆ ಒತ್ತಡದಲ್ಲೇ ದ್ರವವಾಗಿರುವುದರಿಂದ ಅದಕ್ಕೂ ಇದು ಸಾಕು. ಮೀಥೇನ್ ಅನಿಲವಾಗಿಯೇ ಇರುತ್ತದೆ. ಲಾಭದಾಯಕವಾಗಿ ತುಂಬಬೇಕಾದರೆ ಅಪಾರ ಒತ್ತಡ ಬೇಕು, ಅದನ್ನು ತಡೆಯುವಷ್ಟು ನೀರಿನ ಒತ್ತಡ ಸಿಗಬೇಕಾದರೆ ತುಂಬ ಆಳಕ್ಕೆ ಹೋಗಬೇಕು. ಚೆಕ್ ದೇಶದ ಹಾಯೆ ಎಂಬಲ್ಲಿ ಹಳೆಯ ಯುರೇನಿಯಂ ಗಣಿಯ ಪಕ್ಕ ಗ್ರಾನೈಟ್ ಬಂಡೆಯಲ್ಲಿ ಸುಮಾರು 950 ಮೀಟರ್ ಆಳದಲ್ಲಿ ಹೀಗೆ ಮಾಡಿದ್ದಾರೆ. ಗಣಿ ಮೊದಲೇ ಇದ್ದದ್ದರಿಂದ ಅವರಿಗೆ ಅಷ್ಟು ಆಳ ಸುಲಭವಾಯಿತು. ಇನ್ನೊಂದು ದಾರಿ ಸ್ವೀಡನ್ನಿನ ಸ್ಕಾಲೆನ್‌ನದು. ಅಲ್ಲಿ ನೆಲದಿಂದ 115 ಮೀಟರ್ ಕೆಳಗಷ್ಟೇ ಗುಹೆ ಕೊರೆದು, ಒಳಗೆ ಕಾಂಕ್ರೀಟ್ ಹಾಕಿ, ಅದರ ಮೇಲೆ ಉಕ್ಕಿನ ತಗಡಿನ ಒಳಪದರ ಕೂರಿಸಿದ್ದಾರೆ. ಉಕ್ಕು ಗ್ಯಾಸ್ ತಡೆಯುತ್ತದೆ, ಬಂಡೆ ಒತ್ತಡ ತಡೆಯುತ್ತದೆ. ಗಟ್ಟಿ ಬಂಡೆ ಇರುವ, ಹಳೆಯ ಗ್ಯಾಸ್ ಬಾವಿಗಳಿಲ್ಲದ ನಮ್ಮಂಥ ಕರಾವಳಿಗೆ ಹೊಂದುವ ವಿಧಾನ ಅದೇ. ಆದರೆ ಅದರಲ್ಲಿ ಹಿಡಿಯುವುದು ಕಮ್ಮಿ, ಖರ್ಚು ಜಾಸ್ತಿ. ಒಂದು ಕಾರ್ಖಾನೆಯನ್ನು ಕೆಲವು ದಿನ ನಡೆಸಬಹುದು, ದೇಶವನ್ನಲ್ಲ. ದೇಶಕ್ಕೆ ಬೇಕಾದ ಪ್ರಮಾಣದ ಜಾಗ ಹುಡುಕಬೇಕಾದರೆ ಗುಜರಾತ್, ಅಸ್ಸಾಂ, ತ್ರಿಪುರಾದ ಮುಗಿಯುತ್ತ ಬಂದ ನಿಕ್ಷೇಪಗಳನ್ನೂ, ರಾಜಸ್ಥಾನದ ಬಿಕಾನೇರ್ ಕಡೆಯ ಉಪ್ಪಿನ ಪದರಗಳನ್ನೂ ನೋಡಬೇಕು. ಅಲ್ಲಿ ತುಂಬಿದ ಗ್ಯಾಸ್ ಪಣಂಬೂರಿಗೆ ಬರಬೇಕಾದರೆ ನಡುವಿನ ಪೈಪ್‌ಲೈನ್‌ಗಳೆಲ್ಲ ಒಂದಕ್ಕೊಂದು ಕೂಡಿರಬೇಕು. ನಮ್ಮ ಊರಿನಿಂದ ಕೇಳಬೇಕಾದ ಮೊದಲ ಬೇಡಿಕೆ ಗುಹೆಯದ್ದಲ್ಲ, ಮಂಗಳೂರಿನ ಪೈಪನ್ನು ಬೆಂಗಳೂರಿನ ಕಡೆಯ ಜಾಲಕ್ಕೆ ಕೂಡಿಸಿ ಎಂಬುದು.